ಮಗುವಿನ ಇಂಜೆಕ್ಷನ್ ಬಿಲ್ಲಿಗೆ ಇನ್ಶೂರೆನ್ಸ್ ಯಾಕೆ ಕೊಡಲ್ಲ?

ಹೊಸ ಅಪ್ಪ, ಬನಶಂಕರಿ (ಶುಕ್ರವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಒಂಬತ್ತು ವಾರ. ಆರನೇ ವಾರದ ಇಂಜೆಕ್ಷನ್‌ಗೆ ಮನೆ ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆವು. ಎರಡು ತೊಡೆಗೂ ಒಂದೊಂದು ಚುಚ್ಚಿದರು, ಬಾಯಿಗೆ ಏನೋ ಔಷಧಿ ಹಾಕಿದರು. ಹತ್ತು ನಿಮಿಷದ ಕೆಲಸ. ಬಿಲ್ 9,460 ರೂಪಾಯಿ. ಮಗಳು ಅತ್ತು ಸುಮ್ಮನಾದಳು, ನಾನು ಇನ್ನೂ ಸುಮ್ಮನಾಗಿಲ್ಲ.

ನನ್ನ ಹತ್ತಿರ 10 ಲಕ್ಷದ ಫ್ಯಾಮಿಲಿ ಫ್ಲೋಟರ್ (ಮನೆಯವರಿಗೆಲ್ಲ ಸೇರಿ ಒಂದೇ ಪಾಲಿಸಿ) ಇದೆ. ಆಫೀಸಿನ ಪಾಲಿಸಿ ಬೇರೆ. ಹೆರಿಗೆ ಬಿಲ್ ಆಫೀಸಿನದರಲ್ಲೇ ಪಾಸ್ ಆಯಿತು. ಅದೇ ಧೈರ್ಯದಲ್ಲಿ ಇದನ್ನೂ ಆಪ್‌ನಲ್ಲಿ ಹಾಕಿದೆ. ಮೂರೇ ದಿನಕ್ಕೆ ರಿಜೆಕ್ಟ್. ಫೋನ್ ಮಾಡಿದರೆ, 'ವ್ಯಾಕ್ಸಿನೇಷನ್ ಕವರ್ ಆಗಲ್ಲ ಸರ್, ಬೇರೇನಾದರೂ ಸಹಾಯ ಬೇಕಾ' ಅಂತಾರೆ. ಬೇಕಾಗಿದ್ದೇ ಅದೊಂದು ಸಹಾಯ.

ಡಾಕ್ಟರ್ ಕೊಟ್ಟಿರುವ ಪಟ್ಟಿ ನೋಡಿದರೆ ಎರಡು ವರ್ಷದ ತನಕ ಸಾಲಾಗಿ ಇದೆ. ಹತ್ತನೇ ವಾರದ್ದು ಮುಂದಿನ ವಾರವೇ ಬಂತು. ಲಸಿಕೆಗೆ ದುಡ್ಡು ಕೊಡುವ ಪಾಲಿಸಿ ಯಾವುದು? ಅದಕ್ಕೆ ಪೋರ್ಟ್ ಮಾಡಿಸಲಾ, ಅಂದರೆ ಈಗಿನ ಪಾಲಿಸಿಯನ್ನು ಆ ಕಂಪನಿಗೆ ಬದಲಾಯಿಸಿಕೊಳ್ಳಲಾ? ಗೊತ್ತಿರುವವರು ಹೇಳಿ.

ಪ್ಲಾನ್ ಗುರು

ಚಿಂತೆ ಬಿಡಿ ಸರ್. ಎಲ್ಲಾ ವ್ಯಾಕ್ಸಿನ್ ಕವರ್ ಆಗುವ ಬೆಸ್ಟ್ ಪ್ಲಾನ್ ಇದೆ. ಇವತ್ತೇ ಕಾಲ್ ಮಾಡಿ.

ನಿರ್ವಾಹಕರು

ಮೇಲಿನ ಕಮೆಂಟಿನಲ್ಲಿದ್ದ ಫೋನ್ ನಂಬರ್ ತೆಗೆದಿದ್ದೇವೆ. ಇಲ್ಲಿ ಪಾಲಿಸಿ ಮಾರುವಂತಿಲ್ಲ. ಈ ತಿಂಗಳಲ್ಲಿ ಇದು ಮೂರನೇ ಸಲ ಹೇಳುತ್ತಿರುವುದು.

ಕ್ಲೇಮ್ ಟೇಬಲ್, ಮಲ್ಲೇಶ್ವರ

ಹದಿಮೂರು ವರ್ಷ ಕ್ಲೇಮ್ ಫೈಲ್ ನೋಡಿದವನು ನಾನು. ಈಗ ಆ ಕೆಲಸ ಬಿಟ್ಟಿದ್ದೇನೆ, ಹಾಗಾಗಿ ಯಾರ ಪರವೂ ಇಲ್ಲ.

ನಿಮ್ಮ ಕ್ಲೇಮ್ ರಿಜೆಕ್ಟ್ ಆಗಿದ್ದು ನಿಯಮದ ಪ್ರಕಾರ ಸರಿಯೇ. ಬೈಯುವ ಮುಂಚೆ ಪೂರ್ತಿ ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಆರೋಗ್ಯ ವಿಮೆ ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಖರ್ಚಿಗೆ. 24 ಗಂಟೆ ಅಡ್ಮಿಟ್ ಆಗಿರಬೇಕು. ಕಣ್ಣಿನ ಪೊರೆ, ಡಯಾಲಿಸಿಸ್ ಥರದವಕ್ಕೆ ಡೇ ಕೇರ್ ಅಂತ ವಿನಾಯಿತಿ ಇದೆ. ಇಂಜೆಕ್ಷನ್ ಹಾಕಿಸಿಕೊಂಡು ಆಟೋ ಹತ್ತಿ ಮನೆಗೆ ಬಂದರೆ ಅದು ಒಪಿಡಿ, ಹೊರರೋಗಿ ಲೆಕ್ಕ. ಅದು ಸಾಲದು ಅಂತ, ಬಹಳಷ್ಟು ಪಾಲಿಸಿಗಳಲ್ಲಿ ಲಸಿಕೆಗೆ ಕೊಡುವುದಿಲ್ಲ ಅಂತ ಇನ್ನೊಂದು ಸಾಲು ಬೇರೆ ಇರುತ್ತದೆ. ಪಾಲಿಸಿ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ಸ್ ಅನ್ನುವ ಭಾಗ ಹುಡುಕಿ. ಯಾರೂ ಓದದ ಪುಟ ಅದು. ನನ್ನ ಹೊಟ್ಟೆ ತುಂಬಿಸಿದ್ದೂ ಅದೇ ಪುಟ.

ಹಾಗಂತ ಎಲ್ಲೂ ಸಿಗಲ್ಲ ಅಂತಲ್ಲ. ಮೆಟರ್ನಿಟಿ ಕವರ್ ಇರುವ ಕೆಲವು ಪಾಲಿಸಿಗಳಲ್ಲಿ ಮಗುವಿನ ಮೊದಲ ವರ್ಷದ ಲಸಿಕೆಗೆ ಇಂತಿಷ್ಟು ಅಂತ ಮಿತಿ ಹಾಕಿ ಕೊಡುತ್ತಾರೆ. ಆದರೆ ಮೆಟರ್ನಿಟಿಗೆ ಕಾಯುವ ಅವಧಿ ಇದೆ. ಬಹಳ ಕಡೆ ಎರಡರಿಂದ ನಾಲ್ಕು ವರ್ಷ, ಕೆಲವು ಕಡೆ ಒಂಬತ್ತು ತಿಂಗಳು. ನೀವು ಈಗ ಪೋರ್ಟ್ ಮಾಡಿದರೆ ಹಳೆ ಪಾಲಿಸಿಯಲ್ಲಿ ಏನಿತ್ತೋ ಅದಕ್ಕೆ ಮಾತ್ರ ಕಾದ ದಿನಗಳ ಲೆಕ್ಕ ಸಿಗುತ್ತದೆ. ಹಳೆಯದರಲ್ಲಿ ಮೆಟರ್ನಿಟಿ ಇಲ್ಲದಿದ್ದರೆ ಸೊನ್ನೆಯಿಂದ ಶುರು. ಅಷ್ಟರಲ್ಲಿ ನಿಮ್ಮ ಮಗಳು ಸ್ಕೂಲ್ ಬ್ಯಾಗ್ ಹಾಕಿಕೊಂಡಿರುತ್ತಾಳೆ.

ಇನ್ನೊಂದು ಒಪಿಡಿ ಆಡ್-ಆನ್, ಅಂದರೆ ಹೆಚ್ಚು ದುಡ್ಡು ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಒಪಿಡಿ ಕವರ್. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಊಟಕ್ಕೆ ಕರೀತಿದ್ದಾರೆ.

ಅವಳಿ ಮಕ್ಕಳ ಅಮ್ಮ, ಎಚ್‌ಎಸ್‌ಆರ್ ಲೇಔಟ್

ಊಟ ಆದ ಮೇಲೆ ಇದಕ್ಕೆ ಉತ್ತರ ಕೊಡಿ ಸರ್. ನನ್ನ ಒಬ್ಬ ಮಗನಿಗೆ ಎಂಟು ತಿಂಗಳಿದ್ದಾಗ ವಾಂತಿ ಭೇದಿ. ರೋಟಾವೈರಸ್ ಅಂದರು. ಮೂರು ದಿನ ಡ್ರಿಪ್ ಹಾಕಿ ಅಡ್ಮಿಟ್ ಮಾಡಿದ್ದೆವು. ಇನ್ಶೂರೆನ್ಸ್‌ನವರು 38,000 ಕೊಟ್ಟರು, ಒಂದು ಪ್ರಶ್ನೆ ಕೇಳಲಿಲ್ಲ. ಅದೇ ರೋಟಾ ಡ್ರಾಪ್ಸ್‌ಗೆ ಕೇಳಿದರೆ ಕೊಡಲ್ಲ. ಕಾಯಿಲೆ ಬಂದರೆ ದುಡ್ಡು, ಬರದ ಹಾಗೆ ನೋಡಿಕೊಂಡರೆ ಇಲ್ಲ. ಇದ್ಯಾವ ನ್ಯಾಯ? ಅವರಿಗೇ ಉಳಿತಾಯ ಅಲ್ವಾ?

ಕ್ಲೇಮ್ ಟೇಬಲ್, ಮಲ್ಲೇಶ್ವರ

ಮೇಡಂ, ನ್ಯಾಯದ ಪ್ರಶ್ನೆ ಸರಿ. ಆದರೆ ವಿಮೆ ನಡೆಯುವ ರೀತಿ ಬೇರೆ. ಯುಗಾದಿಗೆ ಮಕ್ಕಳಿಗೆ ಹೊಸ ಬಟ್ಟೆ ತರುತ್ತೀರಿ. ಅದಕ್ಕೆ ಯಾರಾದರೂ ವಿಮೆ ಮಾಡಿಸುತ್ತಾರಾ? ಚೀಟಿ ಹಾಕುತ್ತಾರೆ. ಯಾಕೆಂದರೆ ಹಬ್ಬ ಬರುವುದು ಗ್ಯಾರಂಟಿ, ಖರ್ಚು ಎಷ್ಟು ಅಂತಲೂ ಗೊತ್ತು. ನೂರು ಮಕ್ಕಳಲ್ಲಿ ಯಾವ ಮಗು ಭೇದಿ ಬಂದು ಅಡ್ಮಿಟ್ ಆಗುತ್ತದೆ ಅಂತ ಗೊತ್ತಿಲ್ಲ. ಅದಕ್ಕೆ ನೂರು ಮನೆಯವರೂ ಸ್ವಲ್ಪ ಸ್ವಲ್ಪ ಹಾಕಿದರೆ ಒಬ್ಬರ ಬಿಲ್ ಆಗುತ್ತದೆ. ಲಸಿಕೆ ಹಾಗಲ್ಲ, ನೂರಕ್ಕೆ ನೂರು ಮಕ್ಕಳಿಗೂ ಹಾಕಿಸಬೇಕು. ಕಂಪನಿ ಕೊಡುತ್ತೇನೆ ಅಂದರೆ ಆ ದುಡ್ಡನ್ನು ಮೊದಲು ನಿಮ್ಮ ಪ್ರೀಮಿಯಂನಲ್ಲೇ ತೆಗೆದುಕೊಳ್ಳಬೇಕು, ಜೊತೆಗೆ ತನ್ನ ಖರ್ಚು, ಲಾಭ, ಏಜೆಂಟ್ ಕಮಿಷನ್. ನಿಮ್ಮ ದುಡ್ಡೇ ಒಂದು ಸುತ್ತು ಹೊಡೆದು ಸಣ್ಣದಾಗಿ ವಾಪಸ್ ಬರುತ್ತದೆ.

ಒಪಿಡಿ ಆಡ್-ಆನ್ ಅಂದೆನಲ್ಲ, ಅಲ್ಲಿ ಆಗುವುದೂ ಇದೇ. ಒಂದು ಉದಾಹರಣೆ ಹಿಡಿಯಿರಿ. ವರ್ಷಕ್ಕೆ 4,500 ಹೆಚ್ಚು ಕಟ್ಟಿ, 6,000 ರೂಪಾಯಿ ತನಕ ಒಪಿಡಿ ಬಿಲ್ ಕೊಡುತ್ತೇವೆ ಅಂತಾರೆ. ಪೂರ್ತಿ ಬಳಸಿದರೆ ಲಾಭ 1,500. ಆದರೆ ಅವರ ಪಟ್ಟಿಯ ಆಸ್ಪತ್ರೆಗೇ ಹೋಗಬೇಕು, ಕನ್ಸಲ್ಟೇಷನ್ ಮಾತ್ರ, ಲಸಿಕೆ ಇಲ್ಲ ಅಂತ ಮತ್ತೊಂದು ಷರತ್ತು ಇರಬಹುದು. ನೋಡದೆ ಕೊಳ್ಳಬೇಡಿ. ಕೊಂಡ ಮೇಲೂ ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಇದೆ. ಓದಿ ಇಷ್ಟವಾಗದಿದ್ದರೆ ವಾಪಸ್ ಕೊಡಬಹುದು. ಯಾರೂ ಕೊಡಲ್ಲ, ಯಾಕೆಂದರೆ ಯಾರೂ ಓದಲ್ಲ.

ಒಂದು ಮಾತು ಸೇರಿಸಬೇಕು. ಲಸಿಕೆಯ ನಂತರ ವಿಪರೀತ ಜ್ವರ ಅಥವಾ ಫಿಟ್ಸ್ ಬಂದು ಮಗು ಅಡ್ಮಿಟ್ ಆದರೆ ಅದು ಲಸಿಕೆಯ ಬಿಲ್ ಅಲ್ಲ, ಆಸ್ಪತ್ರೆಯ ಬಿಲ್. ಅಂಥ ಫೈಲ್ ನಾನೇ ಪಾಸ್ ಮಾಡಿದ್ದೇನೆ. ಅಪರೂಪ, ಆದರೆ ಗೊತ್ತಿರಲಿ.

ವಾಪಸ್ ಬಂದವ, ಬೆಳ್ಳಂದೂರು

ನಾವು ಅಮೆರಿಕದಲ್ಲಿದ್ದಾಗ ದೊಡ್ಡ ಮಗನ ಲಸಿಕೆಗೆ ಒಂದು ಡಾಲರ್ ಕೊಟ್ಟಿಲ್ಲ. ಎಲ್ಲಾ ಇನ್ಶೂರೆನ್ಸ್. ಇಲ್ಲಿ ಎರಡನೆಯವಳಿಗೆ ಪ್ರತಿ ಸಲ ಕಾರ್ಡ್ ಉಜ್ಜಬೇಕು. ನಿಮ್ಮ ಯುಗಾದಿ ಲೆಕ್ಕ ಅಲ್ಲಿ ಯಾಕೆ ನಡೆಯಲ್ಲ ಸರ್?

ಕ್ಲೇಮ್ ಟೇಬಲ್, ಮಲ್ಲೇಶ್ವರ

ಅಲ್ಲಿ ಕಾನೂನು ಹಾಗೆ. 2010ರಲ್ಲಿ ಬಂದ ಕಾಯ್ದೆ ಪ್ರಕಾರ ಶಿಫಾರಸು ಆದ ಲಸಿಕೆಗಳಿಗೆ ವಿಮೆ ಕಂಪನಿ ನಿಮ್ಮ ಹತ್ತಿರ ದುಡ್ಡು ಕೇಳುವಂತಿಲ್ಲ. ವಿಮೆ ಇಲ್ಲದ ಮಕ್ಕಳಿಗೆ 1994ರಿಂದ ಸರ್ಕಾರವೇ ಕೊಡುವ ಬೇರೆ ಯೋಜನೆ ಇದೆ. ಕಂಪನಿ ಪುಕ್ಕಟೆ ಕೊಡುತ್ತಿರಲಿಲ್ಲ, ನಿಮ್ಮ ಸಂಬಳದಲ್ಲಿ ಕಟ್ ಆಗುತ್ತಿದ್ದ ಪ್ರೀಮಿಯಂ ನೆನಪು ಮಾಡಿಕೊಳ್ಳಿ. ನಮ್ಮ ದೇಶ ಹಿಡಿದದ್ದು ಇನ್ನೊಂದು ದಾರಿ. ವಿಮೆ ಕಂಪನಿಯನ್ನು ನಡುವೆ ತರದೆ ಸರ್ಕಾರವೇ ಲಸಿಕೆ ಕೊಂಡು ಮಕ್ಕಳಿಗೆ ಹಾಕುತ್ತದೆ. ಆ ಕಡೆ ನಾವು ತಿರುಗಿ ನೋಡಲ್ಲ, ಅಷ್ಟೇ.

ಶಾರದಕ್ಕ ಅಲ್ಲ, ಸಿಸ್ಟರ್

ನಾನು ಇದೇ ಊರಿನ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಬಡಾವಣೆಯಲ್ಲಿ ಎಲ್ಲರೂ ಶಾರದಕ್ಕ ಅಂತಾರೆ, ನನ್ನ ಹೆಸರು ಅದಲ್ಲ. ನನಗಿಂತ ಮುಂಚೆ ಇದ್ದವರ ಹೆಸರದು.

ಇಷ್ಟುದ್ದ ಚರ್ಚೆ ಓದಿದೆ. ಯಾರೊಬ್ಬರೂ ಕಾರ್ಪೊರೇಷನ್ ಆಸ್ಪತ್ರೆ ಅನ್ನುವ ಪದವನ್ನೇ ಬರೆದಿಲ್ಲ!

ಬನಶಂಕರಿಯವರೇ, ನೀವು 9,460 ಕೊಟ್ಟು ಹಾಕಿಸಿದ್ದರಲ್ಲಿ ಮುಖ್ಯವಾದದ್ದೆಲ್ಲ ನಮ್ಮ ಫ್ರಿಜ್‌ನಲ್ಲಿ ಇದೆ. ದುಡ್ಡಿಲ್ಲ. ಎಪಿಎಲ್ಲೋ ಬಿಪಿಎಲ್ಲೋ ಕೇಳಲ್ಲ. ಮಗು ಬೇಕು, ತಾಯಿ ಕಾರ್ಡ್ ಬೇಕು, ಅಷ್ಟೇ. ಹುಟ್ಟಿದ ತಕ್ಷಣ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆಮೇಲೆ 6, 10, 14ನೇ ವಾರ ಪೆಂಟಾ. ಒಂದೇ ಸೂಜಿಯಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮೆದುಳುಜ್ವರ, ನ್ಯುಮೋನಿಯಾ ತರುವ ಒಂದು ರೋಗಾಣು) ಐದಕ್ಕೂ ಆಗುತ್ತದೆ. ಜೊತೆಗೆ ಪೋಲಿಯೊ ಹನಿ, ರೋಟಾ. ನ್ಯುಮೋನಿಯಾದ ಪಿಸಿವಿ 6ನೇ ವಾರ, 14ನೇ ವಾರ, ಮತ್ತೆ ಒಂಬತ್ತು ತಿಂಗಳಿಗೆ. ಪೋಲಿಯೊ ಇಂಜೆಕ್ಷನ್ನೂ ಅದೇ ಮೂರು ಸಲ. ಮೂರನೆಯದು 2023ರಿಂದ ಸೇರಿದ್ದು. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ, ಒಂದೂವರೆ ವರ್ಷದ ಹೊತ್ತಿಗೆ ಅದರ ಎರಡನೆಯದು ಮತ್ತು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೆ) ಬೂಸ್ಟರ್. ಐದು ವರ್ಷಕ್ಕೆ ಇನ್ನೊಂದು ಡಿಪಿಟಿ. ಹತ್ತಕ್ಕೆ, ಹದಿನಾರಕ್ಕೆ ಟಿಡಿ, ಧನುರ್ವಾಯು ಮತ್ತು ಗಂಟಲಮಾರಿಗೆ.

ಮುಂಚೆ ರೋಟಾ, ಪಿಸಿವಿ ಎರಡೂ ದುಡ್ಡಿದ್ದವರ ಮಕ್ಕಳಿಗೆ ಮಾತ್ರ ಅನ್ನುವ ಹಾಗಿತ್ತು. ರೋಟಾ ಸರ್ಕಾರಿ ಪಟ್ಟಿಗೆ ಬಂದಿದ್ದು 2016ರಲ್ಲಿ. ಪಿಸಿವಿ ದೇಶಪೂರ್ತಿ ಸಿಕ್ಕಿದ್ದು 2021ರಲ್ಲಿ. ಈ ಎರಡು ಬಂದ ಮೇಲೆ ನಮ್ಮ ಪಟ್ಟಿಗೂ ಖಾಸಗಿ ಪಟ್ಟಿಗೂ ಅಂತರ ಬಹಳ ಕಮ್ಮಿಯಾಯಿತು. ಆದರೆ ಕಾರಲ್ಲಿ ಬರುವ ಅಪ್ಪಂದಿರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹೊಸ ಅಪ್ಪ, ಬನಶಂಕರಿ

ಸಿಸ್ಟರ್, ನಿಜ ಹೇಳಬೇಕೆಂದರೆ ಹೊಳೆಯಲೇ ಇಲ್ಲ. ಪಲ್ಸ್ ಪೋಲಿಯೊ ಭಾನುವಾರ ಬಿಟ್ಟು ಸರ್ಕಾರಿ ಲಸಿಕೆ ಅಂತ ತಲೆಗೇ ಬಂದಿರಲಿಲ್ಲ. ಆದರೆ ಮನೆಯಲ್ಲಿ ಒಪ್ಪಲ್ಲ. ಅಲ್ಲಿ ಹಾಕಿಸಿದರೆ ಜ್ವರ ಬರುತ್ತಂತೆ, ಖಾಸಗಿಯದ್ದು ಪೇಯ್ನ್‌ಲೆಸ್ ಅಂತ ನಮ್ಮ ಅತ್ತೆ ಹೇಳುತ್ತಾರೆ. ಇನ್ನೊಂದು ಪ್ರಶ್ನೆ: ಕರೆಂಟ್ ಹೋದರೆ ನಿಮ್ಮ ಫ್ರಿಜ್ ಕಥೆ ಏನು? ತಪ್ಪು ತಿಳಿಯಬೇಡಿ.

ಶಾರದಕ್ಕ ಅಲ್ಲ, ಸಿಸ್ಟರ್

ತಪ್ಪೇನಿಲ್ಲ, ವಾರಕ್ಕೆ ನಾಲ್ಕು ಜನ ಇದನ್ನೇ ಕೇಳುತ್ತಾರೆ.

ಜ್ವರ ನಿಜ. ನಮ್ಮ ಪೆಂಟಾದಲ್ಲಿ ನಾಯಿಕೆಮ್ಮಿನ ಪೂರ್ತಿ ರೋಗಾಣುವನ್ನೇ ಕೊಂದು ಸೇರಿಸಿರುತ್ತಾರೆ. ಖಾಸಗಿಯ ಪೇಯ್ನ್‌ಲೆಸ್‌ನಲ್ಲಿ ಅದರ ಕೆಲವು ತುಣುಕು ಮಾತ್ರ. ಹಾಗಾಗಿ ನಮ್ಮದಕ್ಕೆ ಒಂದೆರಡು ದಿನ ಜ್ವರ, ತೊಡೆ ಊತ, ಅಳು ಜಾಸ್ತಿ. ನಾಯಿಕೆಮ್ಮಿನ ರಕ್ಷಣೆ ಹೆಚ್ಚು ದಿನ ನಿಲ್ಲುವುದು ಪೂರ್ತಿ ರೋಗಾಣುವಿನದ್ದೇ. ಪ್ಯಾರಾಸಿಟಮಾಲ್ ಡ್ರಾಪ್ಸ್ ಎಷ್ಟು ಹಾಕಬೇಕು ಅಂತ ಮಗುವಿನ ತೂಕ ನೋಡಿ ಹೇಳಿಕೊಡುತ್ತೇವೆ. ಅತ್ತೆಯವರಿಗೆ ಹೇಳಿ, ಪೇಯ್ನ್‌ಲೆಸ್‌ಗೂ ಸೂಜಿ ಚುಚ್ಚಲೇಬೇಕು.

ಫ್ರಿಜ್ ಮನೆಯ ಫ್ರಿಜ್ ಅಲ್ಲ. ಒಳಗೋಡೆಗೆ ಐಸ್ ಇರುವ ಐಎಲ್‌ಆರ್. ಕರೆಂಟ್ ಹೋದರೂ ಗಂಟೆಗಟ್ಟಲೆ ತಣ್ಣಗಿರುತ್ತದೆ. 2ರಿಂದ 8 ಡಿಗ್ರಿ ಒಳಗೆ ಇರಬೇಕು, ದಿನಕ್ಕೆ ಎರಡು ಸಲ ನೋಡಿ ಬರೆದಿಡುತ್ತೇವೆ. ಅದಕ್ಕಿಂತ ಒಳ್ಳೆಯದು, ನೀವೇ ನೋಡಿ. ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ ಇದೆ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಎಸೆಯುತ್ತೇವೆ. ತೋರಿಸಿ ಅಂತ ಕೇಳಿ. ಕೇಳುವವರು ಬಂದರೆ ನನಗೆ ಖುಷಿ.

ನಮ್ಮಲ್ಲಿ ಗುರುವಾರ ಲಸಿಕೆ ದಿನ. ನಿಮ್ಮ ಕೇಂದ್ರದಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ದಿನ ಗೊತ್ತು ಮಾಡಿರುವುದು ಸೋಮಾರಿತನಕ್ಕಲ್ಲ. ಬಿಸಿಜಿ, ದಡಾರ ರುಬೆಲ್ಲಾ ಸೀಸೆ ಒಮ್ಮೆ ಕಲಸಿದರೆ ನಾಲ್ಕು ಗಂಟೆಯಲ್ಲಿ ಮುಗಿಸಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ಒಂದೇ ಮಗುವಿಗೆ ಒಡೆದರೆ ಉಳಿದದ್ದು ಚರಂಡಿಗೆ. ಅದಕ್ಕೆ ನಾಲ್ಕು ಮಕ್ಕಳು ಸೇರಲಿ ಅಂತ ಕೂರಿಸುತ್ತೇವೆ. ಕೂತವರು ಬೈಯುತ್ತಾರೆ.

ಪೀಣ್ಯ ಮಂಜುಳ

ನಮ್ಮ ಯಜಮಾನ್ರು ಪೀಣ್ಯದಲ್ಲಿ ಲೇತ್ ಕೆಲಸ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದೆ, ಸಂಬಳ 21,000ದೊಳಗೆ ಇರೋವರೆಗೂ ಇರುತ್ತೆ ಅಂದಿದ್ದಾರೆ. ಆದರೆ ಇಂಜೆಕ್ಷನ್‌ಗೆ ಅಷ್ಟು ದೂರ ಹೋಗಿಲ್ಲ. ಇಬ್ಬರು ಮಕ್ಕಳಿಗೂ ನಮ್ಮ ಬೀದಿ ಅಂಗನವಾಡಿಯಲ್ಲೇ ಹಾಕಿಸಿದ್ದು. ಆಶಾ ಅಕ್ಕ ಹಿಂದಿನ ದಿನ ಮನೆಗೇ ಬಂದು ಹೇಳಿ ಹೋಗ್ತಾರೆ. ಇಂಜೆಕ್ಷನ್‌ಗೆ ಬಿಲ್ ಬರುತ್ತೆ ಅಂತ ಇವತ್ತೇ ಗೊತ್ತಾಗಿದ್ದು ನನಗೆ. ಒಂಬತ್ತು ಸಾವಿರ ನಮ್ಮ ಮನೆ ಬಾಡಿಗೆ ಅಣ್ಣ.

ಹೊಸ ಅಪ್ಪ, ಬನಶಂಕರಿ

ಸರಿಯಾಗಿ ಬಾರಿಸಿದಿರಿ ಮಂಜುಳಕ್ಕ.

ನಿವೃತ್ತ, ಯಶವಂತಪುರ

ರೋಟಾ ವಿಷಯ ಬಂದಿದ್ದಕ್ಕೆ ಒಂದು ಹಳೇ ಕಥೆ. ದೇಶದಲ್ಲಿ ರೋಟಾ ಲಸಿಕೆ ಮಾಡಲು ಹೊರಟಾಗ ಎರಡು ವೈರಸ್ ಕೈಯಲ್ಲಿದ್ದವು. ಒಂದು ದೆಹಲಿಯ ಏಮ್ಸ್‌ನಲ್ಲಿ ಹುಟ್ಟಿದ ಕೂಸುಗಳಲ್ಲಿ ಸಿಕ್ಕಿದ್ದು, 116ಇ. ಇನ್ನೊಂದು ನಮ್ಮ ಬೆಂಗಳೂರಿನ ಎಳೆಗೂಸುಗಳಲ್ಲಿ ಸಿಕ್ಕಿದ್ದು, ಐ321. ಅದನ್ನು ಬೆಳೆಸಿದ್ದು ಟಾಟಾ ಇನ್ಸ್‌ಟಿಟ್ಯೂಟ್‌ನವರು. (ಈಗಿನವರು ಐಐಎಸ್‌ಸಿ ಅಂತಾರೆ.) ಎರಡನ್ನೂ ಪರೀಕ್ಷೆ ಮಾಡಿದರು. ಕೊನೆಗೆ ದೆಹಲಿಯದ್ದು ಗೆದ್ದು ಲಸಿಕೆಯಾಯಿತು. ನಮ್ಮದು ಅರ್ಧ ದಾರಿಯಲ್ಲಿ ನಿಂತಿತು. ರಣಜಿ ಸೆಮಿಫೈನಲ್ ಸೋತ ಹಾಗೆ ಆಗಿತ್ತು ಆಗ ನಮಗೆ. ಚರ್ಚೆಗೆ ಸಂಬಂಧವಿಲ್ಲ, ಕ್ಷಮಿಸಿ.

ಆಡಿಟರ್ ಮಗಳು, ಜಯನಗರ

ಇನ್ನೂ ಯಾರೂ ಕೇಳಿಲ್ಲ, ನಾನೇ ಹೇಳಿಬಿಡುತ್ತೇನೆ. ಲಸಿಕೆ ಬಿಲ್ ಇಟ್ಟುಕೊಂಡು ಆದಾಯ ತೆರಿಗೆಯ 80ಡಿ ವಿನಾಯಿತಿ ಅಂತ ಬರಬೇಡಿ. ಅಲ್ಲಿ ಸಿಗುವುದು ಪ್ರೀಮಿಯಂಗೆ 25,000 ತನಕ, ಅದರೊಳಗೇ ಹೆಲ್ತ್ ಚೆಕಪ್‌ಗೆ 5,000. ಅದೂ ಹಳೇ ತೆರಿಗೆ ಪದ್ಧತಿಯಲ್ಲಿ. ಮಗುವಿನ ಇಂಜೆಕ್ಷನ್ ಚೆಕಪ್ ಅಲ್ಲ. ಪ್ರತಿ ಮಾರ್ಚ್‌ನಲ್ಲಿ ಹತ್ತು ಜನ ತರುತ್ತಾರೆ. ಒಂದೇ ಸಮಾಧಾನ ಅಂದರೆ 2025ರ ಸೆಪ್ಟೆಂಬರ್ 22ರಿಂದ ನಾವೇ ಕೊಳ್ಳುವ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ಇಲ್ಲ. ಮುಂಚೆ 18 ಪರ್ಸೆಂಟ್ ಇತ್ತು.

ನಾಯಿಪ್ರಿಯ, ಆರ್.ಟಿ. ನಗರ

ನಮ್ಮ ಮಗನಿಗೆ ಬೀದಿನಾಯಿ ಕಚ್ಚಿದಾಗ ಹಾಕಿಸಿದ ರೇಬೀಸ್ ಇಂಜೆಕ್ಷನ್‌ಗೆ ಕ್ಲೇಮ್ ಸಿಕ್ಕಿತ್ತಲ್ಲ? ಅದೂ ವ್ಯಾಕ್ಸಿನ್ನೇ ಅಲ್ವಾ?

ಕ್ಲೇಮ್ ಟೇಬಲ್, ಮಲ್ಲೇಶ್ವರ

ಒಳ್ಳೇ ಪ್ರಶ್ನೆ. ಲಸಿಕೆ ಇಲ್ಲ ಅಂತ ಬರೆದ ಸಾಲಿನ ಕೊನೆಗೆ ಬಹಳ ಪಾಲಿಸಿಗಳಲ್ಲಿ 'ಪ್ರಾಣಿ ಕಚ್ಚಿದ ನಂತರದ್ದನ್ನು ಬಿಟ್ಟು' ಅಂತ ಇರುತ್ತದೆ. ನಾಯಿ ಕಚ್ಚಿದ ಮೇಲೆ ಹಾಕಿಸುವುದು ಚಿಕಿತ್ಸೆ ಅಂತ ಲೆಕ್ಕ. ಕೆಲವರು ಅಡ್ಮಿಟ್ ಆದರೆ ಮಾತ್ರ ಕೊಡುತ್ತಾರೆ, ಕೆಲವರು ಒಪಿಡಿಗೂ ಒಂದು ಮಿತಿ ಇಟ್ಟಿರುತ್ತಾರೆ. ಬರುತ್ತದೋ ಇಲ್ಲವೋ ಗೊತ್ತಿಲ್ಲದ ಖರ್ಚು ನೋಡಿ ಅದು. ಯಾವ ಮಗುವಿಗೆ ಯಾವ ನಾಯಿ ಕಚ್ಚುತ್ತದೆ ಅಂತ ಯಾರಿಗೆ ಗೊತ್ತು!

ನಿರ್ವಾಹಕರು

ಬೀದಿನಾಯಿ ವಿಷಯ ಇಲ್ಲಿಗೆ ನಿಲ್ಲಿಸಿ. ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲೂ ಈಗಾಗಲೇ 400 ಕಮೆಂಟ್ ಆಗಿವೆ.

ಅವಳಿ ಮಕ್ಕಳ ಅಮ್ಮ, ಎಚ್‌ಎಸ್‌ಆರ್ ಲೇಔಟ್

ಸಿಸ್ಟರ್, ನನ್ನ ಮಕ್ಕಳಿಗೆ ಈಗ ಹದಿಮೂರು ತಿಂಗಳು. ಡಾಕ್ಟರ್ ಇನ್ನೂ ಐದಾರು ಬರೆದಿದ್ದಾರೆ. ಅವೆಲ್ಲ ನಿಮ್ಮಲ್ಲಿ ಸಿಗುತ್ತಾ? ನನಗೆ ಎಲ್ಲವೂ ಎರಡೆರಡು, ಅದಕ್ಕೆ ಕೇಳುತ್ತಿದ್ದೇನೆ.

ಶಾರದಕ್ಕ ಅಲ್ಲ, ಸಿಸ್ಟರ್

ಎಲ್ಲವೂ ಸಿಗಲ್ಲ ಮೇಡಂ, ಸುಳ್ಳು ಹೇಳಲ್ಲ. ನಮ್ಮಲ್ಲಿ ದಡಾರ ರುಬೆಲ್ಲಾ ಇದೆ, ಮಂಗನಬಾವು ಸೇರಿದ ಎಂಎಂಆರ್ ಇಲ್ಲ. ಟೈಫಾಯ್ಡ್, ಹೆಪಟೈಟಿಸ್ ಎ, ಚಿಕನ್‌ಪಾಕ್ಸ್, ಫ್ಲೂ ಇವು ಮಕ್ಕಳ ವೈದ್ಯರ ಸಂಘದ ಪಟ್ಟಿಯಲ್ಲಿವೆ, ನಮ್ಮ ಪಟ್ಟಿಯಲ್ಲಿಲ್ಲ. ಅವಕ್ಕೆ ದುಡ್ಡು ಕೊಟ್ಟೇ ಹಾಕಿಸಬೇಕು. ಯಾವುದು ಮೊದಲು, ಯಾವುದು ತಡವಾದರೂ ಪರವಾಗಿಲ್ಲ ಅಂತ ನಿಮ್ಮ ಡಾಕ್ಟರನ್ನೇ ನೇರವಾಗಿ ಕೇಳಿ. ಕೇಳಿದರೆ ಹೇಳುತ್ತಾರೆ. ಒಂದೇ ಲಸಿಕೆಗೆ ಬೇರೆ ಬೇರೆ ಕಂಪನಿಯದ್ದು ಇದ್ದರೆ ಬೆಲೆಯನ್ನೂ ಕೇಳಿ. ಬಹಳ ವ್ಯತ್ಯಾಸ ಇರುತ್ತದೆ.

ಚಿಕನ್‌ಪಾಕ್ಸ್ ಅಂದರೆ ನಮ್ಮ ಕಡೆ ಅಮ್ಮ ಬಂದಿದ್ದಾಳೆ ಅಂತ ಬೇವಿನಸೊಪ್ಪು ಕಟ್ಟಿ ಒಳಗೆ ಮಲಗಿಸುತ್ತಾರಲ್ಲ, ಅದೇ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬಂತು ಅಂತಲೇ ಲೆಕ್ಕ. ನೀವು ಅದನ್ನು ಬಿಡಬೇಡಿ.

ಕ್ಲೇಮ್ ಟೇಬಲ್, ಮಲ್ಲೇಶ್ವರ

ಈ ನಾಲ್ಕೈದಕ್ಕೆ ಚೀಟಿ ಹಾಕಿ. ತಮಾಷೆಯಲ್ಲ. ಪೋಸ್ಟ್ ಆಫೀಸ್ ಆರ್‌ಡಿ ಆದರೂ ಸರಿ. ಯಾವ ತಿಂಗಳು ಎಷ್ಟು ಬೇಕು ಅಂತ ಪಟ್ಟಿ ನಿಮ್ಮ ಕೈಯಲ್ಲೇ ಇದೆ. ಇಷ್ಟು ಸ್ಪಷ್ಟವಾಗಿ ಮುಂದೆ ಬರುವ ಖರ್ಚು ಮನೆಯಲ್ಲಿ ಇನ್ಯಾವುದೂ ಇಲ್ಲ.

ಎಚ್‌ಆರ್ ಟೇಬಲ್, ವೈಟ್‌ಫೀಲ್ಡ್

ತಡವಾಗಿ ಬಂದೆ. ಆಫೀಸಿನ ಪಾಲಿಸಿ ಬಗ್ಗೆ ಎರಡು ಮಾತು. ಗುಂಪು ಪಾಲಿಸಿಯಲ್ಲಿ ಏನಿರಬೇಕು ಅಂತ ಕಂಪನಿಯೇ ಮಾತಾಡಿ ಕೊಳ್ಳುತ್ತದೆ. ಹಾಗಾಗಿ ಕೆಲವು ಆಫೀಸುಗಳಲ್ಲಿ ಒಪಿಡಿ, ವೆಲ್‌ನೆಸ್ ಅಂತ ವರ್ಷಕ್ಕೊಂದು ಮೊತ್ತ ಇರುತ್ತದೆ. ಅದರಲ್ಲಿ ಮಕ್ಕಳ ಲಸಿಕೆ ಬಿಲ್ ಹಾಕಬಹುದು. ಬಹಳ ಜನ ಕೇಳುವುದೇ ಇಲ್ಲ, ಮಾರ್ಚ್ ಕೊನೆಗೆ ದುಡ್ಡು ಹಾಗೇ ಕಳೆದುಹೋಗುತ್ತದೆ. ನಿಮ್ಮ ಆಪ್‌ನಲ್ಲಿ ಆಸ್ಪತ್ರೆ ಕ್ಲೇಮ್ ಒಂದು ಕಡೆ, ಇದು ಇನ್ನೊಂದು ಕಡೆ ಇರಬಹುದು. ತಪ್ಪು ಬಾಗಿಲು ತಟ್ಟಿದ್ದೀರೋ ನೋಡಿ.

ಅದಕ್ಕಿಂತ ಮುಖ್ಯವಾದದ್ದು ಕೇಳುತ್ತೇನೆ. ಮಗಳ ಹೆಸರನ್ನು ಪಾಲಿಸಿಗೆ ಸೇರಿಸಿದ್ದೀರಾ? ಹೆರಿಗೆ ಬಿಲ್ ಪಾಸ್ ಆಗಿದ್ದು ತಾಯಿಯ ಹೆಸರಲ್ಲಿ. ಮಗುವಿನ ಹೆಸರು ತಾನಾಗಿ ಸೇರಲ್ಲ. ಬಹಳ ಆಫೀಸುಗಳಲ್ಲಿ ಹುಟ್ಟಿದ 30 ದಿನದೊಳಗೆ ತಿಳಿಸಬೇಕು ಅಂತ ಇರುತ್ತದೆ. ಮನೆಯ ಫ್ಲೋಟರ್‌ಗೆ ಸಾಮಾನ್ಯವಾಗಿ ಮಗುವಿಗೆ 91 ದಿನ ತುಂಬಿದ ಮೇಲೆ.

ಹೊಸ ಅಪ್ಪ, ಬನಶಂಕರಿ

ಸೇರಿಸಿಲ್ಲ.

ತಾನಾಗಿ ಸೇರಿರುತ್ತೆ ಅಂದುಕೊಂಡಿದ್ದೆ.

ಕ್ಲೇಮ್ ಟೇಬಲ್, ಮಲ್ಲೇಶ್ವರ

ಅಯ್ಯೋ ದೇವರೇ. ಇಂಜೆಕ್ಷನ್ ಬಿಡಿ ಸ್ವಾಮಿ, ನಾಳೆ ಬೆಳಗ್ಗೆ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ. ಮಗು ಈಗ ಯಾವ ಪಾಲಿಸಿಯಲ್ಲೂ ಇಲ್ಲ. ಎಳೆ ಮಗು ನಾಲ್ಕು ದಿನ ಐಸಿಯುನಲ್ಲಿದ್ದರೆ ಬಿಲ್ ಎಷ್ಟಾಗುತ್ತೆ ಅಂತ ನಾನು ಫೈಲುಗಳಲ್ಲಿ ನೋಡಿದ್ದೇನೆ. ಬರೆಯಲ್ಲ ಇಲ್ಲಿ, ನಿಮಗೆ ನಿದ್ದೆ ಬರಲ್ಲ.

ಅತ್ತೆ ಅಲ್ಲ ಸೊಸೆ, ರಾಜಾಜಿನಗರ

ಎಳೆ ಮಗುವಿನ ಅಡ್ಮಿಷನ್ ಅಂದಾಗ ನೆನಪಾಯಿತು. ನನ್ನ ಮಗಳ ನ್ಯುಮೋನಿಯಾ ಬಿಲ್‌ನಲ್ಲಿ ಅರ್ಧಕ್ಕರ್ಧ ಕಟ್ ಮಾಡಿದರು, ಕಾರಣ ಸರಿಯಾಗಿ ಹೇಳಲಿಲ್ಲ. ಎಲ್ಲಿ ಕೇಳಬೇಕು?

ಕ್ಲೇಮ್ ಟೇಬಲ್, ಮಲ್ಲೇಶ್ವರ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ. ಯಾವ ಸಾಲು, ಯಾವ ಷರತ್ತಿನ ಮೇಲೆ ಕಟ್ ಆಯಿತು ಅಂತ ಕೇಳಿ. ಬಿಲ್‌ನಲ್ಲಿ ಕೊಡದೇ ಇರಬಹುದಾದ ವಸ್ತುಗಳ ಪಟ್ಟಿ ಅಂತ 68 ಇವೆ. ಅದರಲ್ಲಿ ಮೊಟ್ಟಮೊದಲನೆಯದು ಬೇಬಿ ಫುಡ್. ಅದು ಕಟ್ ಆಗಿದ್ದರೆ ಬಿಟ್ಟುಬಿಡಿ. ಅರ್ಧ ಕಟ್ ಆಗಿದೆ ಅಂದರೆ ರೂಮ್ ಬಾಡಿಗೆ ಮಿತಿಯ ವಿಷಯ ಇರಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ಕೇಳಿ ತೀರ್ಮಾನ ಮಾಡುವವರು) ಕಚೇರಿ ಇದೆ. ಫೀಸಿಲ್ಲ, ವಕೀಲರು ಬೇಕಿಲ್ಲ. ಕಂಪನಿ ಕೊನೆಯ ಉತ್ತರ ಕೊಟ್ಟು ಒಂದು ವರ್ಷದೊಳಗೆ ಹೋಗಬೇಕು. ಬನಶಂಕರಿಯವರು ಲಸಿಕೆ ಬಿಲ್ ಹಿಡಿದು ಅಲ್ಲಿಗೆ ಹೋಗಬೇಡಿ, ಬರಿಗೈಲಿ ಬರುತ್ತೀರಿ.

ಹೊಸ ಅಪ್ಪ, ಬನಶಂಕರಿ

ಸಿಸ್ಟರ್, ಒಂದು ಕೊನೇ ಅನುಮಾನ. ಆರನೇ ವಾರದ್ದು ಖಾಸಗಿಯಲ್ಲಿ ಆಯಿತು. ಅದು ಆರು ರೋಗದ ಒಂದೇ ಇಂಜೆಕ್ಷನ್ ಅಂತೆ. ಹತ್ತನೇ ವಾರಕ್ಕೆ ನಿಮ್ಮ ಕಡೆ ಬಂದರೆ ಮೊದಲಿಂದ ಶುರು ಮಾಡಬೇಕಾ?

ಶಾರದಕ್ಕ ಅಲ್ಲ, ಸಿಸ್ಟರ್

ಬೇಡ. ಹಾಕಿಸಿದ್ದು ಹಾಕಿಸಿದ್ದೇ. ಖಾಸಗಿಯವರ ಪುಸ್ತಕ ತನ್ನಿ, ಯಾವ ದಿನ ಯಾವುದು ಅಂತ ನೋಡಿ ಮುಂದಿನದು ಹಾಕುತ್ತಾರೆ. ವೈದ್ಯಾಧಿಕಾರಿ ಇರುತ್ತಾರೆ, ಅವರನ್ನೂ ಕೇಳಿ. ತಾಯಿ ಕಾರ್ಡ್‌ನಲ್ಲಿ ಹಳೆಯದನ್ನೂ ಬರೆಸಿಕೊಳ್ಳಿ, ಸರ್ಕಾರದ ಲಸಿಕೆ ದಾಖಲೆಯ ಯು-ವಿನ್‌ನಲ್ಲಿ ಹೆಸರು ಹಾಕಿಸಿ. ಸ್ಕೂಲಿಗೆ ಸೇರಿಸುವಾಗ ಎಲ್ಲರೂ ಕಾರ್ಡ್ ಹುಡುಕುತ್ತಾರೆ.

ಹೊಸ ಅಪ್ಪ, ಬನಶಂಕರಿ (ಮರುವಾರ, ಗುರುವಾರ ರಾತ್ರಿ)

ಹೋಗಿ ಬಂದೆವು.

ಒಂಬತ್ತೂವರೆಗೆ ಹೋದೆವು, ಹನ್ನೊಂದೂಕಾಲಿಗೆ ನಮ್ಮ ಸರದಿ. ಬೆಂಚು ಕಮ್ಮಿ, ಫ್ಯಾನ್ ಒಂದೇ. ಪಕ್ಕದಲ್ಲಿದ್ದ ಅಜ್ಜಿ ನನ್ನ ಮಗಳಿಗೆ ದೃಷ್ಟಿ ಬೊಟ್ಟು ಇಟ್ಟಿಲ್ಲ ಅಂತ ಬೈದು, ತಮ್ಮ ಮೊಮ್ಮಗನ ಕಾಡಿಗೆ ತೆಗೆದು ಇಟ್ಟರು. ಎಡತೊಡೆಗೆ ಒಂದೇ ಇಂಜೆಕ್ಷನ್, ಪೋಲಿಯೊ ಹನಿ, ರೋಟಾ. ಪಿಸಿವಿ ಹತ್ತನೇ ವಾರಕ್ಕಿಲ್ಲ, ಹದಿನಾಲ್ಕಕ್ಕೆ ಅಂದರು. ಸೀಸೆ ತೋರಿಸಿ ಅಂದೆ. ಅಲ್ಲಿದ್ದ ಸಿಸ್ಟರ್ ಒಂದು ಸಲ ನನ್ನ ಮುಖ ನೋಡಿ, ನಗುತ್ತಾ ತೋರಿಸಿದರು. ಚೌಕ ಬೆಳ್ಳಗಿತ್ತು. ಏನು ಹಾಕಿದ್ದೇವೆ, ಯಾತಕ್ಕೆ, ಏನಾಗಬಹುದು, ಮತ್ತೆ ಯಾವಾಗ ಬರಬೇಕು ಅಂತ ನಾಲ್ಕು ಮಾತು ಹೇಳಿ, ಅರ್ಧ ಗಂಟೆ ಅಲ್ಲೇ ಕೂರಿಸಿದರು. ಖಾಸಗಿಯಲ್ಲಿ ಬಿಲ್ ಕೌಂಟರ್ ಬಿಟ್ಟು ಬೇರೆಲ್ಲೂ ಕೂರಿಸಿರಲಿಲ್ಲ. ರಾತ್ರಿ 100.4 ಜ್ವರ ಬಂತು, ಡ್ರಾಪ್ಸ್ ಹಾಕಿದೆವು. ಅತ್ತೆ 'ನಾನು ಹೇಳಿರಲಿಲ್ವಾ' ಅಂದರು. ಈಗ ತೊಡೆ ಮೇಲೆ ತೆಳು ಬಟ್ಟೆ ಒದ್ದೆ ಮಾಡಿ ಇಡುತ್ತಿರುವವರೂ ಅವರೇ.

ಎಚ್‌ಆರ್ ಉತ್ತರ ಬಂತು. 30 ದಿನ ಮುಗಿದಿದೆ, ಇನ್ನು ರಿನ್ಯೂವಲ್‌ಗೇ ಅಂದರು. ಮೂರು ಮೇಲ್, ಒಂದು ಫೋನ್ ಆದ ಮೇಲೆ ವಿಮೆ ಕಂಪನಿಗೆ ವಿಶೇಷ ಮನವಿ ಕಳಿಸಿದ್ದಾರೆ, ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಮನೆಯ ಫ್ಲೋಟರ್‌ನವರು 91 ದಿನ ಆದ ಕೂಡಲೇ ಅರ್ಜಿ ಹಾಕಿ, ಮಧ್ಯದಲ್ಲೇ ಸೇರಿಸುತ್ತೇವೆ ಅಂದಿದ್ದಾರೆ. ಲೆಕ್ಕ ಹಾಕಿದೆ. 91 ದಿನ ಅಂದರೆ ಸರಿಯಾಗಿ ಹದಿಮೂರು ವಾರ. ಮುಂದಿನ ಇಂಜೆಕ್ಷನ್‌ಗೆ ಒಂದು ವಾರ ಮುಂಚೆ.

ಕ್ಲೇಮ್ ಟೇಬಲ್, ಮಲ್ಲೇಶ್ವರ

ಅರ್ಜಿಗೆ ಬರ್ತ್ ಸರ್ಟಿಫಿಕೇಟ್ ಬೇಕು. ತೆಗೆಸಿದ್ದೀರಾ?

ಹೊಸ ಅಪ್ಪ, ಬನಶಂಕರಿ

ಹೆಸರೇ ಇನ್ನೂ ಇಟ್ಟಿಲ್ಲ ಸರ್. ಅತ್ತೆ ಮತ್ತು ನಮ್ಮ ಅಮ್ಮನ ನಡುವೆ ಮಾತುಕತೆ ನಡೆಯುತ್ತಿದೆ.

ಪೀಣ್ಯ ಮಂಜುಳ

ಹೆಸರಿಲ್ಲದೇನೂ ಸರ್ಟಿಫಿಕೇಟ್ ಕೊಡ್ತಾರೆ ಅಣ್ಣ, ನಾವು ಹಾಗೇ ತಗೊಂಡಿದ್ದು. ಹೆಸರು ಆಮೇಲೆ ಸೇರಿಸಿದ್ವಿ.